ಹಿಪ್ಪಲಿ ಬೇರಿನ ನೆಂಟ: ಕಾಸರಗೋಡಿನ ಬೇಸಿಗೆ, ಮಣ್ಣಿನ ಶಿಲೀಂಧ್ರ ಮತ್ತು ಒಂದು ಚಿಟಿಕೆ ಸತು

ಮಾರ್ಚ್ ಮೂರನೇ ವಾರದಲ್ಲಿ ಹೊತ್ತು ಹನ್ನೊಂದಾಗುವ ಮೊದಲೇ ನಮ್ಮ ತೋಟದ ಮೇಲಿನ ಸಾಲಿನ ಹಿಪ್ಪಲಿ ಎಲೆ ಜೋತುಬಿಟ್ಟಿರುತ್ತದೆ. ಕೆಳಗೆ ಕಣಿಯ ಬದಿಯ ಬಳ್ಳಿಗಳು ಮಧ್ಯಾಹ್ನ ಎರಡರ ತನಕ ತಾಳುತ್ತವೆ. ಅದರಲ್ಲಿ ವಿಶೇಷವೇನೂ ಇಲ್ಲ, ಅಲ್ಲಿ ತೇವ ಇದೆ. ನನ್ನನ್ನು ಯೋಚನೆಗೆ ಹಚ್ಚಿದ್ದು ಮೇಲಿನ ಸಾಲಿನಲ್ಲೇ ಗುಡ್ಡದ ಬುಡಕ್ಕೆ ತಾಗಿಕೊಂಡು, ತರಗೆಲೆ ಗುಡಿಸದೆ ಬಿಟ್ಟ ಮೂಲೆಯಲ್ಲಿದ್ದ ನಾಲ್ಕೈದು ಬಳ್ಳಿ. ಅವಕ್ಕೂ ಅದೇ ಬಿಸಿಲು, ಅದೇ ಸ್ಪ್ರಿಂಕ್ಲರಿನ ಅರೆಬರೆ ನೀರು. ಆದರೂ ಒಂದೂವರೆಯ ತನಕ ಅವು ಎಲೆ ಇಳಿಸುತ್ತಿರಲಿಲ್ಲ. ಒಂದು ಬಳ್ಳಿಯನ್ನು ಮೆಲ್ಲನೆ ಕಿತ್ತು ನೋಡಿದೆ. ಬೇರಿನ ಜೊತೆ ಮಣ್ಣು ಸಣ್ಣ ಸಣ್ಣ ಹರಳಾಗಿ ಅಂಟಿಕೊಂಡೇ ಬಂತು, ಕೊಡವಿದರೂ ಬೀಳಲಿಲ್ಲ. ಸಾಲಿನ ಇನ್ನೊಂದು ತುದಿಯ ಬಳ್ಳಿ ಕಿತ್ತರೆ ಬೇರು ತೊಳೆದಿಟ್ಟ ಹಾಗೆ ಬೋಳು.

ಆ ಅಂಟು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದದ್ದೇ ಈ ಬರಹಕ್ಕೆ ಕಾರಣ. ಔಷಧ ಸಸ್ಯಗಳಿಗೆ ಬರ ತಾಳುವ ಶಕ್ತಿ ಕೊಡಲು ಉಪಕಾರಿ ಶಿಲೀಂಧ್ರ ಮತ್ತು ಲಘು ಪೋಷಕಾಂಶ (ಗಿಡಕ್ಕೆ ಚಿಟಿಕೆಯಷ್ಟೇ ಬೇಕಾದ ಸತು, ಬೋರಾನ್‌ನಂಥವು) ಎರಡನ್ನೂ ಸೇರಿಸಿ ಬಳಸಬೇಕು ಎಂಬ ಮಾತು ಈಚೆಗೆ ಎಲ್ಲ ಕಡೆ ಕೇಳುತ್ತಿದೆ. ಮಾತು ಸರಿಯೇ. ಆದರೆ ಅದನ್ನು ಕಾಸರಗೋಡಿನ ಮುರಕಲ್ಲಿನ ಮಣ್ಣಿಗೆ ಹಾಗೆಯೇ ಎತ್ತಿ ತಂದರೆ ದುಡ್ಡು ನೀರಿಗೆ ಹಾಕಿದಂತಾಗುತ್ತದೆ. ನಮ್ಮ ಮಣ್ಣಿನಲ್ಲಿ ಕೊರತೆ ಇರುವುದು ಬೇರೆ, ಅಂಗಡಿಯ ಪ್ಯಾಕೆಟ್ಟಿನಲ್ಲಿರುವುದು ಬೇರೆ. ಅದಕ್ಕಿಂತ ಹೆಚ್ಚಾಗಿ, ನಾವು ಹೊರಗಿನಿಂದ ತರಲು ಹೊರಟಿರುವ ಶಿಲೀಂಧ್ರ ನಮ್ಮ ಗುಡ್ಡದ ಬುಡದಲ್ಲೇ ಇದೆ. ಅದನ್ನು ತೋಟದಿಂದ ಓಡಿಸಿದವರು ನಾವೇ.

ಮಳೆ ಸುರಿದರೂ ಬರ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಬರದ ಮಾತೇ ಎಂದು ಬಯಲುಸೀಮೆಯ ನೆಂಟರು ಕೇಳುತ್ತಾರೆ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುತ್ತದೆ. ತುಲಾ ಮಾಸದ ಗುಡುಗುಮಳೆ ಕೈಕೊಟ್ಟಿತೋ, ಡಿಸೆಂಬರ್‌ನಿಂದ ಮೇ ತನಕ ಆರು ತಿಂಗಳು ಒಣಗು. ಮುರಕಲ್ಲು ತೂತುತೂತಾಗಿರುವ ಕಲ್ಲು, ಅದರ ಮೇಲಿನ ಮಣ್ಣೂ ತೆಳು. ನೀರು ಎಷ್ಟು ಬೇಗ ಇಳಿಯುತ್ತದೋ ಅಷ್ಟೇ ಬೇಗ ಬಸಿದು ಹೊಳೆ ಸೇರುತ್ತದೆ. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ಹನಿಹನಿ ನೀರನ್ನು ತೊಟ್ಟಿಗೆ ಇಳಿಸಿದ ಹಿರಿಯರಿಗೆ ಈ ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು. ತೋಡಿಗೆ ಕಟ್ಟ ಕಟ್ಟಿ ಜನವರಿಯ ನೀರನ್ನು ಮಾರ್ಚ್ ತನಕ ಹಿಡಿದಿಟ್ಟವರಿಗೂ ಗೊತ್ತಿತ್ತು. 2016ರಲ್ಲಿ ಮಳೆ ಕೈಕೊಟ್ಟು ಕೇರಳ ಸರ್ಕಾರ ಎಲ್ಲ 14 ಜಿಲ್ಲೆಗಳನ್ನೂ ಬರಪೀಡಿತ ಎಂದು ಘೋಷಿಸಿದಾಗ ಬೋರ್‌ವೆಲ್ ನಂಬಿ ಸುರಂಗ ಮರೆತ ತೋಟಗಳು ಮೊದಲು ಒಣಗಿದವು. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಅಂತರ್ಜಲ ಮಂಡಳಿಯ ವರದಿಗಳಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ವರ್ಗದಲ್ಲಿ ಕಾಣಿಸಿಕೊಂಡಿದೆ.

ಅಡಿಕೆಯ ಧಾರಣೆ ಏರಿಳಿದಾಗಲೆಲ್ಲ ಉಪಬೆಳೆಯ ಮಾತು ಬರುತ್ತದೆ, ಉಪಬೆಳೆ ಎಂದಾಗ ಔಷಧ ಸಸ್ಯದ ಮಾತು ಬರುತ್ತದೆ. ಗಡಿಯಾಚೆ ವಿಟ್ಲದಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರ ಅಡಿಕೆ ತೋಟದೊಳಗೆ ಹಿಪ್ಪಲಿ, ಶತಾವರಿ, ಲಾವಂಚ, ಪಚೋಲಿಯಂಥವನ್ನು ಬೆಳೆಸಿ ನೋಡಿ, ಇದು ಆಗುವ ಕೆಲಸ ಎಂದು ತೋರಿಸಿದೆ. ನೆರಳು ಬೇಕಾದ ಗಿಡಗಳಿಗೆ ಅಡಿಕೆಯ ಚಪ್ಪರ ಒಳ್ಳೆಯದೇ. ಆದರೆ ಬೇಸಿಗೆಯ ನೀರನ್ನು ಅಡಿಕೆ ಮತ್ತು ಉಪಬೆಳೆ ಹಂಚಿಕೊಳ್ಳಬೇಕು. ಹಂಚಿಕೆಯಲ್ಲಿ ಸೋಲುವುದು ಯಾವತ್ತೂ ಸಣ್ಣ ಬೇರಿನ ಗಿಡ.

ಬೇರಿನೊಳಗಿನ ಮರ

ಸಸ್ಯದ ಬೇರಿನ ಜೊತೆ ಒಡನಾಡುವ ಶಿಲೀಂಧ್ರಕ್ಕೆ ಮೈಕೊರೈಜಾ ಎಂದು ಹೆಸರಿಟ್ಟದ್ದು 1885ರಲ್ಲಿ, ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಶಿಲೀಂಧ್ರ-ಬೇರು. ಹೆಸರು ಹೊಸದು, ನಂಟು ಬಹಳ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ 40 ಕೋಟಿ ವರ್ಷಕ್ಕೂ ಹಿಂದಿನ ಸಸ್ಯ ಪಳೆಯುಳಿಕೆಗಳಲ್ಲಿ ಈ ಶಿಲೀಂಧ್ರ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿದೆ. ಸಸ್ಯಗಳಿಗೆ ಇನ್ನೂ ಸರಿಯಾದ ಬೇರು ಮೂಡುವ ಮೊದಲೇ ಈ ನೆಂಟಸ್ತಿಕೆ ಇತ್ತು. ಇವತ್ತು ನೆಲದ ಮೇಲಿನ ಸಸ್ಯ ಜಾತಿಗಳಲ್ಲಿ ಹತ್ತಕ್ಕೆ ಏಳರಷ್ಟು ಇದನ್ನು ಉಳಿಸಿಕೊಂಡಿವೆ. ಹಿಪ್ಪಲಿ, ಶತಾವರಿ, ನೆಲನೆಲ್ಲಿ, ನೆಲಬೇವು, ಸರ್ಪಗಂಧ, ತುಳಸಿ, ಅರಿಶಿನ, ಎಲ್ಲವೂ ಈ ಗುಂಪಿನವೇ.

ಕಣ್ಣಿಗೆ ಕಾಣದ ವಿಷಯವನ್ನು ನಂಬುವುದು ಕಷ್ಟ. ಹಾಗಾಗಿ ನಾನು ಹಿಪ್ಪಲಿಯ ಎಳೆ ಬೇರನ್ನು ಪರಿಚಯದ ಶಾಲೆಯೊಂದರ ಪ್ರಯೋಗಾಲಯಕ್ಕೆ ಒಯ್ದೆ. ಬೇರನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕಾಯಿಸಿ ಬಣ್ಣ ಕಳೆಯಬೇಕು, ಚೆನ್ನಾಗಿ ತೊಳೆದು, ವಿನೆಗರ್‌ಗೆ ಫೌಂಟನ್ ಪೆನ್ನಿನ ಇಂಕು ಬೆರೆಸಿ ಅದರಲ್ಲಿ ಕೆಲವು ನಿಮಿಷ ಕುದಿಸಬೇಕು. ಶಿಲೀಂಧ್ರ ಇಂಕನ್ನು ಹಿಡಿದುಕೊಳ್ಳುತ್ತದೆ, ಬೇರು ಬಿಟ್ಟುಕೊಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಬೇರಿನ ಜೀವಕೋಶಗಳು ಸಾಲಾಗಿ ಇಟ್ಟಿಗೆಯಂತೆ ಕಂಡವು. ಕೆಲವು ಇಟ್ಟಿಗೆಗಳ ಒಳಗೆ ನೀಲಿ ಬಣ್ಣದ ಪುಟ್ಟ ಮರ. ಒಂದು ಕಾಂಡ, ಕವಲಿಗೆ ಕವಲು, ಕೊನೆಗೆ ಮಬ್ಬಾದ ಸೊಪ್ಪಿನಂಥ ತುದಿ. ಇದರ ಹೆಸರು ಆರ್ಬಸ್ಕ್ಯೂಲ್, ಆ ಪದಕ್ಕೆ ಪುಟ್ಟ ಮರ ಎಂದೇ ಅರ್ಥ. ಗುಡ್ಡದ ಬುಡದ ಬಳ್ಳಿಯ ಬೇರಿನಲ್ಲಿ ಇಂಥ ಮರಗಳು ದಟ್ಟವಾಗಿದ್ದವು. ಬೋಳುಬೇರಿನ ಬಳ್ಳಿಯಲ್ಲಿ ಹುಡುಕಿ ಹುಡುಕಿ ಎರಡೋ ಮೂರೋ ಸಿಕ್ಕವು. ನಾಲ್ಕು ಬಳ್ಳಿಯ ಲೆಕ್ಕವನ್ನು ಪ್ರಯೋಗ ಎಂದು ಕರೆಯಲಾಗದು. ಆದರೆ ಅವತ್ತಿನಿಂದ ತರಗೆಲೆ ಗುಡಿಸಲು ನನಗೆ ಕೈ ಬರುತ್ತಿಲ್ಲ.

ಈ ಪುಟ್ಟ ಮರವೇ ಸಂತೆ ಕಟ್ಟೆ. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆ ಮತ್ತು ಕೊಬ್ಬನ್ನು ಇಲ್ಲಿ ಕೊಡುತ್ತದೆ. ಶಿಲೀಂಧ್ರ ಮಣ್ಣಿನಿಂದ ತಂದ ರಂಜಕ, ಸತು, ತಾಮ್ರವನ್ನು ಇಲ್ಲಿ ಇಳಿಸುತ್ತದೆ. ಬೇರಿನ ಹೊರಗೆ ಶಿಲೀಂಧ್ರದ ಎಳೆಗಳು ಹಲವು ಸೆಂಟಿಮೀಟರ್ ದೂರಕ್ಕೆ ಹರಡಿರುತ್ತವೆ. ಒಂದು ಗ್ರಾಂ ಮಣ್ಣಿನಲ್ಲಿ ಮೀಟರ್‌ಗಟ್ಟಲೆ ಎಳೆ ಇರುತ್ತದೆ. ಎಳೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ಹತ್ತು ಪಾಲು ಮಾತ್ರ, ಬೇರಿನ ರೋಮಕ್ಕಿಂತಲೂ ತೆಳು. ಮಣ್ಣು ಒಣಗುವಾಗ ನೀರು ಮೊದಲು ದೊಡ್ಡ ಕಂಡಿಗಳಿಂದ ಖಾಲಿಯಾಗುತ್ತದೆ, ಬೇರಿಗೆ ಕೈ ಹಾಕಲಾಗದ ಸಣ್ಣ ಕಂಡಿಗಳಲ್ಲಿ ಕೊನೆಗೆ ಉಳಿಯುತ್ತದೆ. ಅಲ್ಲಿಗೆ ಈ ಎಳೆ ನುಗ್ಗುತ್ತದೆ. ಒಣಗಿದ ಬೇರು ಕುಗ್ಗಿ ಮಣ್ಣಿನಿಂದ ಬಿಟ್ಟುಕೊಂಡರೂ ಎಳೆಗಳು ಎರಡನ್ನೂ ಹೊಲಿದಂತೆ ಹಿಡಿದಿರುತ್ತವೆ. ಮಣ್ಣಿನ ಕಣಗಳನ್ನು ಒಂದಕ್ಕೊಂದು ಅಂಟಿಸುವ ಗ್ಲೊಮಾಲಿನ್ ಎಂಬ ವಸ್ತುವನ್ನು ಅಮೆರಿಕದ ಸಾರಾ ರೈಟ್ 1996ರಲ್ಲಿ ಗುರುತಿಸಿದರು. ಅದಕ್ಕೂ ಈ ಶಿಲೀಂಧ್ರಕ್ಕೂ ನಂಟಿದೆ. ನನ್ನ ಕೈಗೆ ಬಂದ ಹರಳುಮಣ್ಣು ಈ ಎಳೆ ಮತ್ತು ಅಂಟಿನ ಕೆಲಸ.

ಬೇಸಿಗೆಯಲ್ಲಿ ಗಿಡಕ್ಕೆ ಇದರಿಂದ ಸಿಗುವುದು ಕೊಡಗಟ್ಟಲೆ ನೀರಲ್ಲ. ಸಿಗುವುದು ಸಮಯ. ಹನ್ನೊಂದಕ್ಕೆ ಮುಚ್ಚುವ ಪತ್ರರಂಧ್ರ (ಎಲೆಯ ಉಸಿರುಕಂಡಿ) ಒಂದೂವರೆಗೆ ಮುಚ್ಚಿದರೆ ಎರಡೂವರೆ ಗಂಟೆ ಹೆಚ್ಚು ದುಡಿಮೆ. ನೀರು ಬಿಡುವ ಸರದಿ ನಾಲ್ಕು ದಿನದ ಬದಲು ಆರು ದಿನಕ್ಕೆ ಬಂದರೂ ಬಳ್ಳಿ ಸಾಯುವುದಿಲ್ಲ. ಇದನ್ನು ಬರಕ್ಕೆ ಮದ್ದು ಎಂದು ಮಾರುವವರನ್ನು ನಂಬಬಾರದು. ಮಣ್ಣಿನಲ್ಲಿ ನೀರೇ ಇಲ್ಲದಿದ್ದರೆ ಎಳೆ ತರುವುದಾದರೂ ಏನನ್ನು?

ಸತು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಲಘು ಪೋಷಕಾಂಶದ ಮಾತು ಇಲ್ಲಿಗೆ ಬಂದು ಸೇರುತ್ತದೆ. ಬರದಲ್ಲಿ ಗಿಡ ಹಸಿವಿನಿಂದಲೂ ನರಳುತ್ತದೆ. ಪೋಷಕಾಂಶ ಬೇರಿನ ತನಕ ಬರುವುದು ನೀರಿನ ದಾರಿಯಲ್ಲಿ. ಸತು ಮಣ್ಣಿನ ಕಣಗಳಿಗೆ ಅಂಟಿಕೊಂಡು, ತೆಳು ನೀರಪದರದಲ್ಲಿ ತೆವಳುತ್ತಾ ಬರುತ್ತದೆ. ನೀರಪದರ ಹರಿದರೆ ದಾರಿ ಕಡಿದಂತೆ. ಬೋರಾನ್ ಹಾಗಲ್ಲ, ಅದು ಗಿಡ ಹೀರುವ ನೀರಿನ ಜೊತೆಯಲ್ಲೇ ಹರಿದು ಬರುತ್ತದೆ. ಗಿಡ ಪತ್ರರಂಧ್ರ ಮುಚ್ಚಿ ನೀರು ಹೀರುವುದನ್ನು ನಿಲ್ಲಿಸಿದರೆ ಬೋರಾನೂ ನಿಂತಿತು. ಹೀಗಾಗಿ ಮಣ್ಣಿನಲ್ಲಿ ಅರೆಹೊಟ್ಟೆಗಾಗುವಷ್ಟು ಸತು, ಬೋರಾನ್ ಇದ್ದರೂ ಬೇಸಿಗೆಯಲ್ಲಿ ಗಿಡ ಪೂರಾ ಉಪವಾಸ ಬೀಳುತ್ತದೆ.

ಅದೇ ಹೊತ್ತಿಗೆ ಇವುಗಳ ಅಗತ್ಯ ಹೆಚ್ಚುತ್ತದೆ ಎಂಬುದು ದೊಡ್ಡ ಪೇಚು. ಪತ್ರರಂಧ್ರ ಮುಚ್ಚಿದಾಗ ಎಲೆಯೊಳಗೆ ಇಂಗಾಲದ ಡೈ ಆಕ್ಸೈಡ್ ಬರುವುದಿಲ್ಲ, ಆದರೆ ಬಿಸಿಲು ಬೀಳುತ್ತಲೇ ಇರುತ್ತದೆ. ಖರ್ಚಾಗದೆ ಉಳಿದ ಶಕ್ತಿ ಆಮ್ಲಜನಕದ ಮೇಲೆ ಹರಿದು ಅದನ್ನು ಜೀವಕೋಶ ಸುಡುವ ರೂಪಕ್ಕೆ ತಿರುಗಿಸುತ್ತದೆ. ಅದನ್ನು ಶಮನ ಮಾಡುವ ಕಿಣ್ವಗಳಲ್ಲಿ ಮುಖ್ಯವಾದ ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್‌ನ ಒಂದು ಬಗೆಗೆ ತಾಮ್ರ ಮತ್ತು ಸತು ಬೇಕು, ಇನ್ನೊಂದಕ್ಕೆ ಮ್ಯಾಂಗನೀಸ್ ಬೇಕು, ಕೆಲವಕ್ಕೆ ಕಬ್ಬಿಣ. ಬೋರಾನ್ ಜೀವಕೋಶದ ಗೋಡೆಯ ಕಟ್ಟು ಬಿಗಿಯಾಗಿಡುತ್ತದೆ, ಬೇರಿನ ತುದಿ ಬೆಳೆಯಲು ಅದು ಬೇಕೇ ಬೇಕು. ಬೇರಿನ ತುದಿ ನಿಂತರೆ ಗಿಡ ಹೊಸ ತೇವ ಹುಡುಕಿಕೊಂಡು ಹೋಗಲಾರದು. ತೆಂಗಿನ ಸುಳಿ ಕೊಕ್ಕೆಯಾಗಿ ಮುದುಡಿದಾಗ ಬೋರಾಕ್ಸ್ ಹಾಕುವ ರೂಢಿ ನಮ್ಮಲ್ಲಿದೆ. ಅದೇ ಕೊರತೆ ಹಿಪ್ಪಲಿಯಲ್ಲಿ ಅಷ್ಟು ಎದ್ದು ಕಾಣುವುದಿಲ್ಲ, ಅಷ್ಟೆ.

ಶಿಲೀಂಧ್ರದ ಎಳೆ ಸತುವನ್ನು ದಾಟಿಸಿಕೊಡುತ್ತದೆ. ಸತು ಸಿಕ್ಕ ಗಿಡದ ಎಲೆ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ಆ ಎಲೆಯ ಸಕ್ಕರೆ ಶಿಲೀಂಧ್ರವನ್ನು ಸಾಕುತ್ತದೆ. ಎರಡನ್ನೂ ಸೇರಿಸಿ ಕೊಟ್ಟರೆ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಫಲ ಹೆಚ್ಚು ಎಂದು ಹಲವು ಪ್ರಯೋಗಗಳು ಹೇಳುವುದರ ಒಳಗುಟ್ಟು ಇದೇ.

ಆದರೆ ಇಂಥ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಇರಾನಿನಂಥ ಒಣನಾಡುಗಳಲ್ಲಿ, ಪುದೀನ ಮತ್ತು ತುಳಸಿಯ ಬಳಗದ ಗಿಡಗಳ ಮೇಲೆ. ಅಲ್ಲಿನದು ಸುಣ್ಣ ತುಂಬಿದ ಕ್ಷಾರದ ಮಣ್ಣು. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್, ಸತು ಮೂರೂ ಗಟ್ಟಿಯಾಗಿ ಕೂತುಬಿಡುತ್ತವೆ. ಹಾಗಾಗಿ ಅವರು ಮೂರನ್ನೂ ಎಲೆಗೆ ಸಿಂಪಡಿಸುತ್ತಾರೆ, ಫಲ ಕಾಣುತ್ತಾರೆ. ನಮ್ಮ ಮುರಕಲ್ಲಿನ ಮಣ್ಣು ಅದಕ್ಕೆ ತೀರಾ ತಿರುಗಾಮುರುಗಾ. ಪಿಎಚ್ ಅನೇಕ ಕಡೆ ಐದರ ಆಸುಪಾಸು, ಎಂದರೆ ಹುಳಿಮಣ್ಣು. ಮಣ್ಣಿಗೆ ಕೆಂಪು ಬಣ್ಣ ಕೊಟ್ಟದ್ದೇ ಕಬ್ಬಿಣ, ಅದು ಕೊರತೆಯಾಗುವ ಮಾತೇ ಅಪರೂಪ. ಮ್ಯಾಂಗನೀಸ್ ಕೂಡ ಹುಳಿಮಣ್ಣಿನಲ್ಲಿ ಸುಲಭವಾಗಿ ಸಿಗುತ್ತದೆ, ಮಿತಿಮೀರಿ ತೊಂದರೆ ಮಾಡುವುದೂ ಉಂಟು. ಇಲ್ಲಿ ಮಳೆಯಲ್ಲಿ ತೊಳೆದು ಹೋಗುವುದು ಬೋರಾನ್, ಮೆಗ್ನೀಸಿಯಂ, ಸುಣ್ಣ. ಕೆಲವು ಕಡೆ ಸತು. ಕೇರಳದಾದ್ಯಂತ ನಡೆದ ಮಣ್ಣುಪರೀಕ್ಷೆಗಳಲ್ಲಿ ಬೋರಾನ್ ಮತ್ತು ಮೆಗ್ನೀಸಿಯಂ ಕೊರತೆ ವ್ಯಾಪಕವಾಗಿ ಕಂಡಿದೆ. ಎಲ್ಲ ಲಘು ಪೋಷಕಾಂಶಗಳ ಮಿಶ್ರಣ ಎಂದು ಬರುವ ಪ್ಯಾಕೆಟ್ ತಂದು ಹಿಪ್ಪಲಿಗೆ ಹೊಡೆದರೆ ನಾವು ಕಬ್ಬಿಣದ ಗುಡ್ಡಕ್ಕೆ ಕಬ್ಬಿಣ ಹೊತ್ತಂತೆ. ಮಣ್ಣುಪರೀಕ್ಷೆಯ ಚೀಟಿಯಲ್ಲಿ ಸತು 0.6 ಪಿಪಿಎಂಗಿಂತ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು), ಬೋರಾನ್ 0.5 ಪಿಪಿಎಂಗಿಂತ ಕಡಿಮೆ ಎಂದು ಬಂದರೆ ಮಾತ್ರ ಆ ಎರಡಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಬೋರಾನ್ ವಿಷಯದಲ್ಲಂತೂ ಇದು ಕಟ್ಟುನಿಟ್ಟು. ಸಾಲದು ಮತ್ತು ಜಾಸ್ತಿಯಾಯಿತು ಎಂಬುದರ ನಡುವೆ ಅದಕ್ಕೆ ಇರುವ ಅಂತರ ಬಹಳ ಕಿರಿದು.

ನೆಂಟನನ್ನು ಓಡಿಸಿದ್ದು ಹೇಗೆ

2005ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಸಂಗತಿ ಕಂಡುಕೊಂಡರು. ಬೇರು ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಡುತ್ತದೆ, ಅದು ತಗಲಿದ ಶಿಲೀಂಧ್ರ ಕವಲೊಡೆದು ಬೇರಿನ ಕಡೆ ಬರುತ್ತದೆ. ಅದು ಗಿಡದ ಕರೆ. ರಂಜಕ ಸಾಲದಾದಾಗ ಗಿಡ ಜೋರಾಗಿ ಕರೆಯುತ್ತದೆ, ರಂಜಕ ಬೇಕಾದಷ್ಟಿದ್ದರೆ ಕರೆಯುವುದನ್ನೇ ನಿಲ್ಲಿಸುತ್ತದೆ. ಸಕ್ಕರೆ ಕೊಟ್ಟು ನೆಂಟನನ್ನು ಸಾಕುವ ಖರ್ಚು ಯಾಕೆ ಎಂಬ ಲೆಕ್ಕಾಚಾರ.

ಈಗ ನಮ್ಮ ತೋಟ ನೋಡಿ. ಹುಳಿಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂಗೆ ಕಟ್ಟಿಬೀಳುತ್ತದೆ ಎಂದು ನಾವು ವರ್ಷ ವರ್ಷ ರಂಜಕ ಸುರಿದೆವು. ಅಡಿಕೆಗೆ ಹಾಕಿದ ಮಿಶ್ರಗೊಬ್ಬರ ಬುಡದಲ್ಲೇ ಕೂತಿತು. ಕೇರಳದ ಬಹಳಷ್ಟು ಮಣ್ಣಿನ ಮಾದರಿಗಳಲ್ಲಿ ಇವತ್ತು ರಂಜಕ ಬೇಕಾದ್ದಕ್ಕಿಂತ ಹೆಚ್ಚು. ಅಂಥ ಮಣ್ಣಿನಲ್ಲಿ ನೆಟ್ಟ ಹಿಪ್ಪಲಿ ಶಿಲೀಂಧ್ರವನ್ನು ಕರೆಯುವುದಿಲ್ಲ. ರಂಜಕ ಅದಕ್ಕೆ ಸಿಗುತ್ತದೆ. ಆದರೆ ಶಿಲೀಂಧ್ರದ ಜೊತೆಗೆ ಬರಬೇಕಾಗಿದ್ದ ಸತು ಮತ್ತು ಬೇಸಿಗೆಯ ನೀರಿನ ಎಳೆ ಎರಡೂ ತಪ್ಪಿಹೋಗುತ್ತವೆ. ರಂಜಕ ಹೆಚ್ಚಾದ ಕಡೆ ಸತುವಿನ ಕೊರತೆ ಕಾಣುವುದಕ್ಕೆ ಒಂದು ಕಾರಣ ಇದು.

ಇನ್ನು ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ (ಮಹಾಳಿಗೆ) ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯಲ್ಲಿ ರೂಢಿಗೆ ತಂದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ಮಹಾಳಿಯಿಂದ ಅಡಿಕೆಯನ್ನು ಉಳಿಸಿದ ಉಪಕಾರ ಅದು, ಅದನ್ನು ಬಿಟ್ಟುಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಬಾರದು ಕೂಡ. ಆದರೆ ಶೇ. 1ರ ದ್ರಾವಣದ ನೂರು ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತು, ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ಮಳೆಗಾಲಕ್ಕೆ ಎರಡು ಮೂರು ಸಲ ಹೊಡೆಯುತ್ತೇವೆ. ತಾಮ್ರ ಆವಿಯಾಗುವುದಿಲ್ಲ, ಕೊಳೆಯುವುದಿಲ್ಲ, ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ. ಅಜ್ಜನ ಕಾಲದಿಂದ ಸಿಂಪಡಿಸಿದ ತೋಟದ ಮೇಲ್ಮಣ್ಣಿನಲ್ಲಿ ಎಷ್ಟು ಕೂತಿರಬಹುದು, ಲೆಕ್ಕ ಹಾಕಿ. ತಾಮ್ರ ಮಿತಿಮೀರಿದಲ್ಲಿ ಈ ಶಿಲೀಂಧ್ರದ ಬೀಜಕ ಮೊಳೆಯುವುದು ಕಡಿಮೆ, ಬೇರಿನೊಳಗೆ ನೆಲೆಸುವುದೂ ಕಡಿಮೆ. ಬೇರಿನ ಬಾಗಿಲಲ್ಲಿ ತಾಮ್ರ ಮತ್ತು ಸತು ಒಂದಕ್ಕೊಂದು ಪೈಪೋಟಿ ಬೇರೆ.

ಇದರ ಪರಿಹಾರ ಸಣ್ಣ ಸಣ್ಣ ಎಚ್ಚರಗಳಲ್ಲಿದೆ. ಅಡಿಕೆ ಮರದ ಬುಡಕ್ಕೇ ತಾಗಿ ಔಷಧ ಸಸ್ಯ ನೆಡದೆ ನಾಲ್ಕು ಮರದ ನಡುವೆ ನೆಡುವುದು. ಡ್ರಮ್ಮು ತೊಳೆದ ನೀರನ್ನು, ಉಳಿದ ದ್ರಾವಣವನ್ನು ಕಣಿಗೆ ಚೆಲ್ಲದಿರುವುದು. ನಮ್ಮಲ್ಲಿ ವರ್ಷಗಟ್ಟಲೆ ಡ್ರಮ್ಮು ತೊಳೆಯುತ್ತಿದ್ದ ಜಾಗದಲ್ಲಿ ಇವತ್ತಿಗೂ ತಿಮರೆ (ಒಂದೆಲಗ) ಹಬ್ಬುವುದಿಲ್ಲ. ಅದರ ಸುತ್ತ ಎರಡು ಮಾರು ಬಿಟ್ಟು ಹಸಿರು ಚಾಪೆಯ ಹಾಗೆ ಹಬ್ಬಿದೆ.

ಹರಿವೆಯ ವಿಷಯ ಓದಿದಾಗ ನನಗೇ ಆಶ್ಚರ್ಯವಾಯಿತು. ಹರಿವೆ ಮತ್ತು ಸಾಸಿವೆಯ ಕುಟುಂಬದ ಗಿಡಗಳು ಈ ಶಿಲೀಂಧ್ರದ ಜೊತೆ ಸಾಮಾನ್ಯವಾಗಿ ಸೇರುವುದಿಲ್ಲ. ಹರಿವೆ ಸಾಲಿನ ಮೇಲೆ ಹರಿವೆ ಬೆಳೆದ ನೆಲದಲ್ಲಿ ಶಿಲೀಂಧ್ರಕ್ಕೆ ಉಪವಾಸ, ಯಾಕೆಂದರೆ ಜೀವಂತ ಬೇರು ಇಲ್ಲದೆ ಅದಕ್ಕೆ ಬದುಕೇ ಇಲ್ಲ. ಅಂಥ ಸಾಲಿನಲ್ಲಿ ಔಷಧ ಸಸ್ಯ ನೆಡುವ ಮೊದಲು ಅಲಸಂಡೆಯೋ ಜೋಳವೋ ಒಂದು ಬೆಳೆ ತೆಗೆದರೆ ಎಷ್ಟೋ ಸುಧಾರಿಸುತ್ತದೆ. ಪಾರೆಯ ಮುಳಿಹುಲ್ಲಿಗೆ ಬೆಂಕಿ ಇಡುವುದು, ತೋಟದ ನೆಲ ಗುಡಿಸಿ ಬೋಳು ಮಾಡುವುದು, ಕಳೆನಾಶಕ ಹೊಡೆದು ಆರು ತಿಂಗಳು ಹಸಿರೇ ಇಲ್ಲದಂತೆ ಇಡುವುದು, ಇವೆಲ್ಲವೂ ಅದೇ ಉಪವಾಸಕ್ಕೆ ದಾರಿ.

ಬರ ಬಂದರೆ ಸತ್ವ ಹೆಚ್ಚುವುದಿಲ್ಲವೇ?

ಮೂಲಿಕೆ ಬಲ್ಲ ಹಿರಿಯರು ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗಬಾರದು. ಗುಡ್ಡದ ನೆಲನೆಲ್ಲಿಗೂ ಗದ್ದೆಯ ನೆಲನೆಲ್ಲಿಗೂ ಗುಣದಲ್ಲಿ ಅಂತರ ಉಂಟು ಎಂದು ನಮ್ಮಲ್ಲಿ ನಂಬಿಕೆ. ಆಟಿ ಅಮಾವಾಸ್ಯೆಯಂದು ಮದ್ದಾಗಿ ಕುಡಿಯುವ ಹಾಲೆ ಮರದ ಕೆತ್ತೆಗೆ (ತೊಗಟೆಗೆ) ಕಾಲ, ಜಾಗ ನೋಡುವವರು ನಾವು. ವಿಜ್ಞಾನವೂ ಇದನ್ನು ಅಲ್ಲಗಳೆಯುವುದಿಲ್ಲ. ಆಲ್ಕಲಾಯ್ಡ್, ಫಿನಾಲ್, ಟರ್ಪಿನ್ ಮೊದಲಾದ ಸತ್ವಗಳನ್ನು ಗಿಡ ಮಾಡಿಕೊಳ್ಳುವುದೇ ಕಷ್ಟಕಾಲಕ್ಕೆ. ಪತ್ರರಂಧ್ರ ಮುಚ್ಚಿ ಉಳಿದುಹೋದ ಶಕ್ತಿಯ ಒಂದು ಪಾಲು ಇವುಗಳ ತಯಾರಿಗೆ ಹರಿಯುತ್ತದೆ. ಮಿತವಾದ ಬರದಲ್ಲಿ ಸತ್ವದ ಶೇಕಡಾವಾರು ಏರುವುದು ಅನೇಕ ಸಸ್ಯಗಳಲ್ಲಿ ಕಂಡ ಸಂಗತಿ.

ಆದರೆ ಬೆಳೆಗಾರ ಮಾರುವುದು ಶೇಕಡಾವಾರನ್ನಲ್ಲ. ಅರ್ಥವಾಗಲೆಂದು ಒಂದು ಲೆಕ್ಕ: ಹತ್ತು ಕಿಲೋ ಬೇರಿನಲ್ಲಿ ಶೇ. 1 ಸತ್ವ ಇದ್ದರೆ ನೂರು ಗ್ರಾಂ. ಬರದಲ್ಲಿ ಸತ್ವ ಶೇ. 1.2ಕ್ಕೆ ಏರಿ ಬೇರು ಏಳು ಕಿಲೋಗೆ ಇಳಿದರೆ 84 ಗ್ರಾಂ. ವೈದ್ಯನಿಗೆ ಬೇರು ಒಳ್ಳೆಯದಾಯಿತು, ಬೆಳೆಗಾರನಿಗೆ ಮೂರು ಕಿಲೋ ನಷ್ಟ. ಬೇರಿಗೆ ಕೊಡುವ ಧಾರಣೆ ತೂಕದ ಮೇಲೆಯೇ ನಿಂತಿರುವ ತನಕ ಈ ನಷ್ಟ ಯಾರೂ ಭರಿಸಿಕೊಡುವುದಿಲ್ಲ.

ಶಿಲೀಂಧ್ರದ ಹೆಚ್ಚುಗಾರಿಕೆ ಇಲ್ಲಿದೆ. ಅದು ತೂಕವನ್ನೂ ಸತ್ವವನ್ನೂ ಒಟ್ಟಿಗೆ ಎತ್ತಿಹಿಡಿಯಬಲ್ಲದು. ಬೇರಿನೊಳಗೆ ಹೊಕ್ಕ ಶಿಲೀಂಧ್ರವನ್ನು ಗಿಡ ಪೂರ್ತಿ ನಂಬುವುದಿಲ್ಲ, ತನ್ನ ರಕ್ಷಣಾ ವ್ಯವಸ್ಥೆಯನ್ನು ಸ್ವಲ್ಪ ಎಚ್ಚರವಾಗಿಯೇ ಇಡುತ್ತದೆ. ಆ ಎಚ್ಚರದ ಫಲವೇ ಸತ್ವ. ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲೇರಿಯಾ ಔಷಧದ ಮೂಲವಾದ ಆರ್ಟಿಮಿಸಿಯಾ ಆನುವಾ ಗಿಡಕ್ಕೆ ಮೈಕೊರೈಜಾ ಕೊಟ್ಟಾಗ ಎಲೆಯ ಮೇಲಿನ ಗ್ರಂಥಿರೋಮಗಳೂ ಆರ್ಟಿಮಿಸಿನಿನ್ ಪ್ರಮಾಣವೂ ಹೆಚ್ಚಿದವು. ಥಾರ್ ಮರುಭೂಮಿಯ ಮಣ್ಣಿನಲ್ಲಿ ಸಿಕ್ಕ, 1998ರಲ್ಲಿ ಪಿರಿಫಾರ್ಮೊಸ್ಪೊರಾ ಇಂಡಿಕಾ ಎಂದು ಹೆಸರಾದ ಇನ್ನೊಂದು ಶಿಲೀಂಧ್ರವೂ ಅಶ್ವಗಂಧದಂಥ ಗಿಡಗಳ ಬೆಳವಣಿಗೆಗೆ ನೆರವಾದದ್ದು ದಾಖಲಾಗಿದೆ. ಅದರ ಅನುಕೂಲವೆಂದರೆ ಗಿಡವಿಲ್ಲದೆ ಪ್ರಯೋಗಾಲಯದಲ್ಲೇ ಬೆಳೆಸಬಹುದು.

ಎಲ್ಲ ಗಿಡಕ್ಕೂ ಒಂದೇ ಶಿಲೀಂಧ್ರ ಒಗ್ಗುವುದಿಲ್ಲ ಎಂಬುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ದಶಕಗಟ್ಟಲೆ ಮೈಕೊರೈಜಾ ಅಧ್ಯಯನ ಮಾಡಿದ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಶಿಷ್ಯರು ಗಿಡದಿಂದ ಗಿಡಕ್ಕೆ ಹೋಲಿಸಿ ತೋರಿಸಿದ್ದಾರೆ. ಒಂದೇ ಶಿಲೀಂಧ್ರ ಹಲವು ಗಿಡಗಳ ಜೊತೆ ಸೇರುತ್ತದೆ, ಆದರೆ ಸೇರಿದಲ್ಲೆಲ್ಲ ಒಂದೇ ಸಮ ದುಡಿಯುವುದಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ ತೆಂಗಿನ ಬುಡದ ಮಣ್ಣಿನಿಂದಲೇ ಆರಿಸಿದ ಶಿಲೀಂಧ್ರದಿಂದ ಕೇರಾಂ ಎಂಬ ಜೈವಿಕ ಗೊಬ್ಬರ ಮಾಡಿದೆ. ಇದೇ ಕ್ರಮದಲ್ಲಿ ನಮ್ಮ ಮಣ್ಣಿನ, ನಮ್ಮ ಹಿಪ್ಪಲಿ ಬುಡದ ಶಿಲೀಂಧ್ರವನ್ನು ಆರಿಸುವ ಕೆಲಸ ಆಗಬೇಕು.

ನಾನು ಕೆಡಿಸಿಕೊಂಡದ್ದು, ಈಗ ಮಾಡುತ್ತಿರುವುದು

ಮೊದಲ ಸಲ ನಾನು ಅಂಗಡಿಯಿಂದ ಮೈಕೊರೈಜಾ ಪ್ಯಾಕೆಟ್ ತಂದೆ. ಅಂಗಡಿಯ ಎದುರು ಬಿಸಿಲಿಗೆ ತೂಗುಹಾಕಿದ್ದ ಪ್ಯಾಕೆಟ್ ಅದು. ಇಪ್ಪತ್ತು ತೊಟ್ಟೆಯ (ಪ್ಲಾಸ್ಟಿಕ್ ಚೀಲದ) ಗಿಡಗಳಿಗೆ ಹಾಕಿ ಎರಡು ತಿಂಗಳ ನಂತರ ಬೇರನ್ನು ಇಂಕಿನಲ್ಲಿ ಕುದಿಸಿ ನೋಡಿದರೆ ನೀಲಿ ಮರದ ಸುಳಿವೇ ಇಲ್ಲ. ಜೀವ ಇರುವ ವಸ್ತುವನ್ನು ಸಿಮೆಂಟಿನ ಚೀಲದ ಹಾಗೆ ಇಟ್ಟರೆ ಇನ್ನೇನಾದೀತು. ಮೈಕೊರೈಜಾ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬರುತ್ತದೆ. ತಯಾರಿಯ ದಿನಾಂಕ, ಅವಧಿ, ಬೀಜಕಗಳ ಲೆಕ್ಕ ನೋಡದೆ ಕೊಂಡದ್ದು ನನ್ನದೇ ತಪ್ಪು.

ಆಮೇಲೆ ಮನೆಯಲ್ಲೇ ಬೆಳೆಸಲು ಹೊರಟೆ. ಕರಿ ಪ್ಲಾಸ್ಟಿಕ್ ಹಾಸಿದ ಸಣ್ಣ ತೊಟ್ಟಿಯಲ್ಲಿ ಕುದಿನೀರು ಹಾಯಿಸಿ ಆರಿಸಿದ ಮರಳುಮಣ್ಣು, ಅದರಲ್ಲಿ ಎರಡು ಬೆರಳು ಆಳಕ್ಕೆ ಒಳ್ಳೆಯ ಮೂಲದ ಶಿಲೀಂಧ್ರ ಗೊಬ್ಬರ, ಮೇಲೆ ಮೆಕ್ಕೆಜೋಳದ ಬೀಜ. ಎರಡು ತಿಂಗಳು ಜೋಳ ಬೆಳೆಯಬೇಕು, ರಂಜಕದ ಗೊಬ್ಬರ ಕೊಡಬಾರದು. ಕೊನೆಗೆ ನೀರು ನಿಲ್ಲಿಸಬೇಕು. ಜೋಳ ಬಾಡುವಾಗ ಶಿಲೀಂಧ್ರ ಮುಂದಿನ ಕಾಲಕ್ಕೆಂದು ಬೀಜಕ ಕಟ್ಟುತ್ತದೆ. ಮೇಲಿನ ಗಿಡ ಕತ್ತರಿಸಿ, ಬೇರನ್ನು ಸಣ್ಣಗೆ ಹೆಚ್ಚಿ ಅದೇ ಮಣ್ಣಿಗೆ ಬೆರೆಸಿದರೆ ಗೊಬ್ಬರ ಸಿದ್ಧ. ಗುಡ್ಡದ ಬುಡದ ಮಣ್ಣನ್ನೇ ಹೆಪ್ಪಾಗಿ ಬಳಸಿಯೂ ನೋಡಿದ್ದೇನೆ. ಅದರಲ್ಲಿ ಒಂದು ಅಪಾಯ ಇದೆ. ಹಿಪ್ಪಲಿ ಕರಿಮೆಣಸಿನ ಬಳಗ, ಮೆಣಸಿನ ಸೊರಗು ರೋಗದ ಫೈಟೊಫ್ತೊರಾ ಮತ್ತು ಜಂತುಹುಳ ಮಣ್ಣಿನ ಜೊತೆ ಬಂದಾವು. ಮೆಣಸಿನ ಬಳ್ಳಿ ಇದ್ದ, ಇರುವ ಜಾಗದ ಮಣ್ಣನ್ನು ಈ ಕೆಲಸಕ್ಕೆ ಮುಟ್ಟಲೇಬಾರದು.

ಕೊಡುವ ಕಾಲವೂ ಮುಖ್ಯ. ಹಿಪ್ಪಲಿಯ ಬಳ್ಳಿತುಂಡುಗಳನ್ನು ತೊಟ್ಟೆಗೆ ಹಾಕುವುದು ಮಾರ್ಚ್-ಏಪ್ರಿಲ್‌ನಲ್ಲಿ, ತೋಟಕ್ಕೆ ನೆಡುವುದು ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವಾಗ. ತೊಟ್ಟೆಯಲ್ಲೇ, ಬೇರು ಮೂಡುವ ಜಾಗಕ್ಕೆ ತಾಗುವಂತೆ ಒಂದು ಚಮಚ ಗೊಬ್ಬರ ಇಟ್ಟರೆ ಹೊಸ ಬೇರು ಅದರೊಳಗೇ ಇಳಿಯುತ್ತದೆ. ನೆಟ್ಟ ಮೇಲೆ ಬುಡದ ಮೇಲೆ ಎರಚಿದರೆ ಅಷ್ಟು ಫಲವಿಲ್ಲ. ಬಳ್ಳಿ ಬಾಡಿದ ಮೇಲೆ ಮಾರ್ಚ್‌ನಲ್ಲಿ ತಂದು ಸುರಿದರೆ ಏನೂ ಇಲ್ಲ. ಮಣ್ಣಿಗೆ ಪರೀಕ್ಷೆ ನೋಡಿ ಸುಣ್ಣ ಹಾಕುವುದು ಅದಕ್ಕೂ ಮೊದಲಿನ ಕೆಲಸ.

ಸತು, ಬೋರಾನ್ ಎಲೆಗೆ ಕೊಡುವುದಾದರೆ ನವೆಂಬರ್ ಸರಿ. ಆಗ ಎಲೆ ಹಸಿಯಾಗಿದ್ದು ಹೀರಿಕೊಳ್ಳುತ್ತದೆ. ಮಧ್ಯಬೇಸಿಗೆಯಲ್ಲಿ ಬಾಡಿದ ಎಲೆಗೆ ಹೊಡೆದರೆ ಸುಡುತ್ತದೆ. ಸತುವಿನ ಸಲ್ಫೇಟ್ ಲೀಟರಿಗೆ 5 ಗ್ರಾಂ, ಅದರ ಅರ್ಧ ಸುಣ್ಣ ಎಂಬುದು ಸಾಮಾನ್ಯ ಶಿಫಾರಸು. ಹಿಪ್ಪಲಿಯ ಎಳೆ ಎಲೆಗೆ ನಾನು ಅರ್ಧ ಪ್ರಮಾಣದಲ್ಲೇ ನಿಲ್ಲಿಸುತ್ತೇನೆ. ನೀರಿನಲ್ಲಿ ಪೂರಾ ಕರಗುವ ಬೋರಾನ್ ಲೀಟರಿಗೆ 1 ಗ್ರಾಂ. ರಂಜಕ ಇರುವ ಗೊಬ್ಬರವನ್ನು ಸತುವಿನ ಜೊತೆ ಒಂದೇ ಡ್ರಮ್ಮಿಗೆ ಹಾಕಬಾರದು, ಎರಡೂ ಸೇರಿ ತಳಕ್ಕೆ ಕೂರುತ್ತವೆ. ತಿಮರೆ, ನೆಲನೆಲ್ಲಿಯಂತೆ ಎಲೆಯನ್ನೇ ಕೊಯ್ಯುವ ಗಿಡಗಳಿಗೆ ಸಿಂಪಡಣೆ ಬೇಡವೇ ಬೇಡ, ಮಣ್ಣಿಗೇ ಸ್ವಲ್ಪ ಕೊಟ್ಟರೆ ಸಾಕು.

ಈ ಕೊನೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮದ್ದಿಗೆ ಹೋಗುವ ಬೆಳೆಯನ್ನು ಕೊಳ್ಳುವವರು ಪರೀಕ್ಷೆಗೆ ಒಡ್ಡುತ್ತಾರೆ. ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ ದಾಟಬಾರದು. ಕಳಪೆ ದರ್ಜೆಯ ಸತುವಿನ ಸಲ್ಫೇಟಿನಲ್ಲಿ ಕ್ಯಾಡ್ಮಿಯಂ, ಸೀಸ ಬೆರೆತಿರುವ ಅಪಾಯ ಇದ್ದೇ ಇದೆ. ಮತ್ತೆ ನಾವು ಎಣ್ಮಕಜೆಯ ಕಡೆಯವರು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತು ಎಂಬುದನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಇಲ್ಲಿನ ಮನೆಮನೆಯಲ್ಲಿ ಅದರ ಲೆಕ್ಕ ಇತ್ತು. ಹೊಸದಾಗಿ ಏನನ್ನೇ ಮಣ್ಣಿಗೆ ಹಾಕಿ ಎಂದರೂ, ಅದು ಶಿಲೀಂಧ್ರವೇ ಇರಲಿ, ಅದರೊಳಗೆ ಏನಿದೆ ಎಂದು ನಮ್ಮ ಹೆಂಗಸರು ಮೊದಲು ಕೇಳುತ್ತಾರೆ. ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರ ಅವರಿಗೆ ಓದಲು ಬರುವ ಅಕ್ಷರದಲ್ಲಿ ಇರಬೇಕು. ನನ್ನ ಕೈಗೆ ಬಂದ ಮಣ್ಣುಪರೀಕ್ಷೆಯ ಚೀಟಿ ಮಲಯಾಳದಲ್ಲಿತ್ತು, ಶಿಲೀಂಧ್ರದ ಪ್ಯಾಕೆಟ್ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅತ್ತೆಗೆ ಎರಡೂ ಕಪ್ಪು ಗೆರೆಗಳು ಮಾತ್ರ. ಬೋರಾನ್ ಒಂದು ಗ್ರಾಮೋ ಹತ್ತು ಗ್ರಾಮೋ ಎಂಬುದು ಓದಲಾಗದ ಚೀಟಿಯಲ್ಲಿ ಉಳಿಯಬಾರದ ವಿಷಯ.

ಈಗ ಅಂಗಳದಲ್ಲಿ ಜೋಳದ ತೊಟ್ಟಿಗೆ ನೀರು ನಿಲ್ಲಿಸಿ ಎಂಟು ದಿನವಾಯಿತು. ಎಲೆಯ ಅಂಚು ಹಳದಿಗೆ ತಿರುಗಿದೆ. ಅತ್ತೆ ಎರಡು ಸಲ ಬಿಂದಿಗೆ ಹಿಡಿದು ಬಂದಿದ್ದರು, ಬೇಡ ಎಂದು ತಡೆದೆ. ಈ ಸಲ ನಲವತ್ತು ತೊಟ್ಟೆ ಹಿಪ್ಪಲಿ, ಇಪ್ಪತ್ತಕ್ಕೆ ಈ ಮಣ್ಣು, ಇಪ್ಪತ್ತಕ್ಕೆ ಇಲ್ಲ. ಎರಡನ್ನೂ ಮೇಲಿನ ಸಾಲಿನಲ್ಲೇ, ಒಂದು ಬಿಟ್ಟು ಒಂದು ನೆಡುತ್ತೇನೆ. ಬರುವ ಮಾರ್ಚ್‌ನಲ್ಲಿ ಹನ್ನೊಂದು ಗಂಟೆಗೆ ಹೋಗಿ ಎಲೆ ನೋಡಬೇಕು.